ಹಾಸನದ ಮಹಡಿ ಮೇಲಿಂದ ಉಪಗ್ರಹದ ಜಾಗ ಹಿಡಿಯೋದು ಹೇಗೆ: ಎರಡಡಿ ಪೈಪು, ಮೂರು ನಕ್ಷತ್ರ

ಆಲೂರು ಹತ್ರ ನಮ್ಮ ಮಾವನ ಮನೆಗೆ ಡಿಶ್ ಹಾಕೋಕೆ ಬಂದಿದ್ದ ಹುಡುಗ ಮುಕ್ಕಾಲು ಗಂಟೆ ಒದ್ದಾಡಿದ, ಆ ಕಡೆ ತಿರುಗಿಸ್ತಾನೆ ಈ ಕಡೆ ತಿರುಗಿಸ್ತಾನೆ ಮೀಟರಲ್ಲಿ ಸಿಗ್ನಲ್ ಏಳ್ತಾನೇ ಇಲ್ಲ. ಕೊನೆಗೆ ಡಿಶ್ಶನ್ನೇ ಬಿಚ್ಚಿ ಮನೆಯ ಇನ್ನೊಂದು ಮೂಲೆಗೆ ತಗೊಂಡೋಗಿ ಕೂರಿಸ್ದ, ಎರಡೇ ನಿಮಿಷಕ್ಕೆ ಚಾನೆಲ್ ಬಂತು. ಏನಪ್ಪಾ ಆಗಿತ್ತು ಅಂತ ಕೇಳಿದ್ರೆ "ಸಿಲ್ವರ್ ಓಕ್ ಅಡ್ಡ ಇತ್ತು ಅಣ್ಣ, ಸ್ಯಾಟಲೈಟು ಆ ಮರದ ತಲೆ ಹಿಂದೆ ಇರೋದು" ಅಂದ. ಆ ಹುಡುಗನಿಗೆ ಅದು ದಿನಾ ಆಡೋ ಮಾತು. ನಾನು ಮಾತ್ರ ಅವನು ಹೋದ್ಮೇಲೂ ಆ ಮರದ ತುದಿ ನೋಡ್ಕೊಂಡು ನಿಂತಿದ್ದೆ. ಮೂವತ್ತಾರು ಸಾವಿರ ಕಿಲೋಮೀಟರ್ ದೂರದಲ್ಲಿರೋ ಒಂದು ವಸ್ತು ನಮ್ಮ ತೋಟದ ಒಂದು ಮರದ ಹಿಂದೆ, ಹಗಲೂ ರಾತ್ರಿ, ಮಳೆಗಾಲ ಬೇಸಿಗೆ ಯಾವಾಗ್ಲೂ ಅದೇ ಜಾಗದಲ್ಲಿ ಇದೆ. ಹಂಗಾದ್ರೆ ಆ ಜಾಗವನ್ನ ಸರಿಯಾಗಿ ಬೆರಳಿಟ್ಟು ತೋರಿಸ್ಬೋದಲ್ವಾ?

ತೋರಿಸ್ಬೋದು, ಟೆಲಿಸ್ಕೋಪೂ ಬೇಡ. ಹಾಸನ ಚಿಕ್ಕಮಗಳೂರು ಕಡೆಯವರಿಗೆ ಇದಕ್ಕೆ ಆಕಾಶದಲ್ಲೇ ಒಂದು ಗುರುತು ಇದೆ, ಅದನ್ನ ಇಟ್ಕೊಂಡು ಹೇಗೆ ಮಾಡೋದು ಅಂತ ಬರೀತಿದೀನಿ.

ಮೊದಲು ಒಂದು ವಿಷಯ. ಸಾಲಗಾಮೆ ರಸ್ತೆಲಿರೋ ಇಸ್ರೋದ ಎಂಸಿಎಫ್ ಅಂದ್ರೆ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ, 1982ರಿಂದ ಇಲ್ಲಿದೆ. ಚಂದ್ರಯಾನಾನೂ ಇಲ್ಲಿಂದಾನೇ ನಡೆಸಿದ್ದು ಅಂತ ನಮ್ಮೂರಲ್ಲೇ ಎಷ್ಟೋ ಜನ ಹೇಳ್ತಾರೆ, ಅದು ತಪ್ಪು, ಚಂದ್ರಯಾನ ಮಂಗಳಯಾನ ಎಲ್ಲಾ ಬೆಂಗಳೂರಲ್ಲಿರೋ ಇಸ್ರೋದ ಇನ್ನೊಂದು ಕೇಂದ್ರ ಇಸ್ಟ್ರಾಕ್ ಕೆಲಸ, ಅದರ ದೊಡ್ಡ ಆಂಟೆನಾ ಬ್ಯಾಲಾಳಲ್ಲಿದೆ. ಹಾಸನದವರ ಕೈಲಿರೋದು ಇನ್ಸ್ಯಾಟ್, ಜಿಸ್ಯಾಟ್ ಅನ್ನೋ ಭೂಸ್ಥಿರ ಉಪಗ್ರಹಗಳು, ಅಂದ್ರೆ ಭೂಮಿಯಿಂದ ನೋಡೋರಿಗೆ ಒಂದೇ ಜಾಗದಲ್ಲಿ ನಿಂತಂಗೆ ಕಾಣೋವು. ರಾಕೆಟ್ಟು ಶ್ರೀಹರಿಕೋಟಾದಿಂದಾಗ್ಲಿ ದಕ್ಷಿಣ ಅಮೆರಿಕದ ಕೌರೂವಿಂದಾಗ್ಲಿ ಅದನ್ನ ಒಂದು ಉದ್ದುದ್ದ ಮೊಟ್ಟೆಯಾಕಾರದ ಕಕ್ಷೆಗೆ ಬಿಟ್ಟು ತನ್ನ ಕೆಲಸ ಮುಗಿಸುತ್ತೆ, ಅಲ್ಲಿಂದ ಮೇಲೆ ಉಪಗ್ರಹದೊಳಗಿನ ಎಂಜಿನ್ ಉರಿಸಿ ಉರಿಸಿ ಸರಿಯಾದ ಕಕ್ಷೆಗೆ ಏರಿಸೋದು ಇಲ್ಲಿನವರು. ಆ ಎಂಜಿನ್ನಿನ ಬಲ 440 ನ್ಯೂಟನ್, ಅಂದ್ರೆ ನಲವತ್ತೈದು ಕೆಜಿ ಮೂಟೆ ಎತ್ತೋಕೆ ಎಷ್ಟು ಬಲ ಬೇಕೋ ಅಷ್ಟೇ, ಅಷ್ಟರಲ್ಲಿ ಮೂರು ಟನ್ ತೂಕದ ಉಪಗ್ರಹವನ್ನ ಸಾವಿರಾರು ಕಿಲೋಮೀಟರ್ ಮೇಲಕ್ಕೆ ತಳ್ತಾರೆ! ಆಮೇಲೂ ಬಿಡುವಿಲ್ಲ, ಸೂರ್ಯ ಚಂದ್ರ ಎರಡೂ ಎಳೀತಾ ಇರ್ತಾವೆ, ಸುಮ್ನೆ ಬಿಟ್ರೆ ಕಕ್ಷೆ ವರ್ಷಕ್ಕೆ ಹತ್ತಿರತ್ರ ಒಂದು ಡಿಗ್ರಿ ಓರೆ ಆಗ್ತಾ ಹೋಗುತ್ತೆ, ಅದಕ್ಕೆ ಆಗಾಗ ಚಿಕ್ಕ ಥ್ರಸ್ಟರ್ ಉರಿಸಿ ಜಾಗಕ್ಕೆ ತಂದು ನಿಲ್ಲಿಸ್ಬೇಕು. ಮಾವನ ಮನೆ ಡಿಶ್ಶನ್ನ ಒಂದ್ಸಲ ಬೋಲ್ಟ್ ಬಿಗಿದು ಬಿಟ್ಟಿದ್ದು ಇವತ್ತಿಗೂ ನಡೀತಿದೆ ಅಂದ್ರೆ ಅದು ಇವರ ಕೆಲಸದಿಂದ.

ಈಗ ತಯಾರಿ.

ಒಂದು ಸುಲಿದ ತೆಂಗಿನಕಾಯಿ ತಗೊಳ್ಳಿ, ಅದೇ ಭೂಮಿ ಅನ್ಕೊಳ್ಳಿ. ಜನ ಇರೋ ಅಂತರಿಕ್ಷ ನಿಲ್ದಾಣ ಐಎಸ್ಎಸ್ ಇದೆಯಲ್ಲ, ಅದು ನಾನೂರು ಚಿಲ್ಲರೆ ಕಿಲೋಮೀಟರ್ ಎತ್ತರ, ತೆಂಗಿನಕಾಯಿ ಲೆಕ್ಕದಲ್ಲಿ ಚಿಪ್ಪಿನಿಂದ ನಾಲ್ಕು ಮಿಲಿಮೀಟರ್ ಮೇಲೆ ಅಷ್ಟೇ. ಭೂಸ್ಥಿರ ಉಪಗ್ರಹ 35,786 ಕಿಲೋಮೀಟರ್, ಅಂದ್ರೆ ಕಾಯಿಂದ ಒಂದಡಿಗಿಂತ ಸ್ವಲ್ಪ ಜಾಸ್ತಿ ದೂರ. ಮಕ್ಕಳಿಗೆ ಇದನ್ನ ಕಾಯಿ ಇಟ್ಕೊಂಡೇ ತೋರಿಸಿ, ಬರೀ ಸಂಖ್ಯೆ ಹೇಳಿದ್ರೆ ತಲೆಗೆ ಹೋಗಲ್ಲ. ಅಷ್ಟು ದೂರದಲ್ಲಿ ಒಂದು ಸುತ್ತಿಗೆ 23 ಗಂಟೆ 56 ನಿಮಿಷ ಬೇಕು, ಭೂಮಿ ತನ್ನ ಸುತ್ತ ತಿರುಗೋದಕ್ಕೂ ಅಷ್ಟೇ ಹೊತ್ತು, ಅದಕ್ಕೆ ನಮಗೆ ಅದು ನಿಂತಂಗೆ ಕಾಣುತ್ತೆ.

ಕಣ್ಣು ಪಳಗೋಕೆ ಮೊದಲು ಐಎಸ್ಎಸ್ ನೋಡಿ. ಹೆವನ್ಸ್ ಅಬವ್ ಅನ್ನೋ ವೆಬ್‌ಸೈಟು, ಆ್ಯಪೂ ಇದೆ, ಅದರಲ್ಲಿ ನಿಮ್ಮೂರು ಹಾಕಿದ್ರೆ ಯಾವತ್ತು ಎಷ್ಟು ಹೊತ್ತಿಗೆ ಯಾವ ದಿಕ್ಕಿಂದ ಬರುತ್ತೆ ಅಂತ ಕೊಡುತ್ತೆ. ಸಂಜೆ ಕತ್ತಲಾಗಿ ಒಂದೂವರೆ ಗಂಟೆ ಒಳಗೆ ಇಲ್ಲಾ ಬೆಳಗಿನ ಜಾವ, ಅಷ್ಟೇ ಕಾಣೋದು, ಯಾಕಂದ್ರೆ ನಮಗೆ ಕತ್ತಲಿರ್ಬೇಕು ಅದಕ್ಕೆ ಬಿಸಿಲಿರ್ಬೇಕು. ನಲವತ್ತು ಡಿಗ್ರಿಗಿಂತ ಮೇಲೆ ಬರೋ ದಿನ ಆರಿಸ್ಕೊಳ್ಳಿ. ಮಿಣುಕಲ್ಲ, ಸದ್ದಿಲ್ಲ, ಶುಕ್ರನಷ್ಟು ಬೆಳಕು, ಐದಾರು ನಿಮಿಷದಲ್ಲಿ ಆಕಾಶ ದಾಟುತ್ತೆ, ಕೆಲವು ಸಲ ನಡು ಆಕಾಶದಲ್ಲೇ ಭೂಮಿಯ ನೆರಳಿಗೆ ಹೋಗಿ ಮಾಯ ಆಗುತ್ತೆ. 2025ರ ಜೂನ್ ಕೊನೆಗೆ ಶುಭಾಂಶು ಶುಕ್ಲಾ ಅಲ್ಲಿಗೆ ಹೋಗಿದ್ದಾಗ ನಮ್ಮ ಮಲೆನಾಡಲ್ಲಿ ಮಳೆ ಹಿಡ್ಕೊಂಡಿತ್ತು, ದಿನಾ ಮಹಡಿಗೆ ಹೋಗಿ ಮೋಡ ನೋಡಿ ಬರ್ತಿದ್ದೆ, ಆ ಬೇಜಾರು ಇನ್ನೂ ಹೋಗಿಲ್ಲ. ಸಾಲಾಗಿ ಮಣಿ ಪೋಣಿಸಿದಂಗೆ ದೀಪಗಳು ಹೋದ್ರೆ ಅದು ಹೊಸದಾಗಿ ಬಿಟ್ಟ ಇಂಟರ್ನೆಟ್ ಉಪಗ್ರಹಗಳು, ಸ್ಟಾರ್‌ಲಿಂಕ್, ಹೆದರ್ಬೇಡಿ.

ಮೋಡದ ವಿಷಯ ಬಂತು ಅಂತ ಹೇಳ್ತೀನಿ. ಹವಾಮಾನ ಇಲಾಖೆ ವೆಬ್‌ಸೈಟಲ್ಲಿ ಇನ್ಸ್ಯಾಟ್-3ಡಿಆರ್, 3ಡಿಎಸ್ ಉಪಗ್ರಹಗಳ ಚಿತ್ರ ಅರ್ಧ ಗಂಟೆಗೊಂದು ಬರ್ತಿರುತ್ತೆ. ರಾತ್ರಿ ಹೊತ್ತು ಇನ್‌ಫ್ರಾರೆಡ್ ಚಿತ್ರ ತೆಗೆದು ನೋಡಿ, ಪಶ್ಚಿಮ ಘಟ್ಟದ ಮೇಲೆ ಬೆಳ್ಳಗಿದ್ರೆ ಹೊದ್ಕೊಂಡು ಮಲಗಿ, ಕಪ್ಪಗಿದ್ರೆ ಚಾಪೆ ತಗೊಂಡು ಮೇಲೆ ಹೋಗಿ. ಹಾಸನದಿಂದ ನಡೆಸೋ ಉಪಗ್ರಹಾನೇ ಹಾಸನದ ಮೇಲೆ ಮೋಡ ಇದೆಯೋ ಇಲ್ವೋ ಅಂತ ಹೇಳೋದು ನಂಗೆ ಪ್ರತಿಸಲಾನೂ ಖುಷಿ ಕೊಡುತ್ತೆ. ಒಳ್ಳೇ ಆಕಾಶ ಸಿಗೋದು ಡಿಸೆಂಬರಿಂದ ಮಾರ್ಚ್ ಅರ್ಧದ ತನಕ, ಕಾಫಿಗೆ ಹೂಮಳೆ ಶುರುವಾದ್ಮೇಲೆ ಸಂಜೆ ನಂಬೋ ಹಂಗಿಲ್ಲ.

ಜಾಗ ಅಂದ್ರೆ ನಿಮ್ಮ ಮನೆ ಮಹಡಿನೇ ಸರಿ. ಕತ್ತಲೆ ಚೆನ್ನಾಗಿದೆ ಅಂತ ಆಲೂರು, ಸಕಲೇಶಪುರ, ಬೇಲೂರು ಕಡೆ ಎಸ್ಟೇಟ್ ರಸ್ತೆಲಿ ರಾತ್ರಿ ಹೋಗಿ ನಿಲ್ಬೇಡಿ, ಆನೆ ಓಡಾಟ ಎಷ್ಟಿದೆ ಅಂತ ನಿಮಗೇ ಗೊತ್ತು. ಮುಳ್ಳಯ್ಯನಗಿರಿಲೂ ರಾತ್ರಿ ಇರೋಕೆ ಬಿಡಲ್ಲ. ಎಂಸಿಎಫ್ ಹತ್ರ ಹೋಗಿ ಆಂಟೆನಾ ಫೋಟೊ ತೆಗೆಯೋ ಕೆಲಸಾನೂ ಬೇಡ, ಅದು ಭದ್ರತೆ ಇರೋ ಜಾಗ.

ಇನ್ನು ಮುಖ್ಯವಾದ ಗುರುತು.

ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜ ಎಲ್ಲರಿಗೂ ಗೊತ್ತಿರುತ್ತೆ, ಕೆಂಪಗೆ ಆರ್ದ್ರಾ ಒಂದು ಕಡೆ, ನಡುವೆ ಸೊಂಟದ ಪಟ್ಟಿ ಥರ ಸಾಲಾಗಿ ಮೂರು ನಕ್ಷತ್ರ. ಆ ಮೂರು ನಕ್ಷತ್ರ ಆಕಾಶದ ಮಧ್ಯರೇಖೆಗೆ, ಅಂದ್ರೆ ಭೂಮಧ್ಯರೇಖೆಯ ನೇರಕ್ಕೆ ಆಕಾಶದಲ್ಲಿ ಎಳೆದಂಗಿರೋ ಗೆರೆಗೆ, ತೀರಾ ಹತ್ರ ಇವೆ, ನಡುವಿನದು ರೇಖೆಯಿಂದ 1.2 ಡಿಗ್ರಿ ದಕ್ಷಿಣಕ್ಕೆ. ಭೂಸ್ಥಿರ ಉಪಗ್ರಹಗಳು ಭೂಮಧ್ಯರೇಖೆ ಮೇಲೆ ಸಾಲಾಗಿ ನಿಂತಿರ್ತಾವೆ, ನಾವು 13 ಡಿಗ್ರಿ ಉತ್ತರದಲ್ಲಿದೀವಿ, ಹಂಗಾಗಿ ನಾವು ಅವನ್ನ ಸ್ವಲ್ಪ ಮೇಲಿಂದ ಕೆಳಕ್ಕೆ ನೋಡಿದಂಗಾಗಿ ಆ ಸಾಲು ನಮಗೆ ಸುಮಾರು 2.3 ಡಿಗ್ರಿ ದಕ್ಷಿಣಕ್ಕೆ ಜರುಗಿ ಕಾಣುತ್ತೆ. ಎರಡಕ್ಕೂ ಇರೋ ವ್ಯತ್ಯಾಸ ಒಂದು ಡಿಗ್ರಿ. ಕೈ ಪೂರ್ತಿ ಚಾಚಿ ಕಿರುಬೆರಳು ಹಿಡಿದ್ರೆ ಅದರ ಅಗಲ ಒಂದು ಡಿಗ್ರಿ. ಅಂದ್ರೆ ನಮ್ಮೂರಿಂದ ನೋಡಿದ್ರೆ ಮಹಾವ್ಯಾಧನ ಪಟ್ಟಿ ಪೂರ್ವದಿಂದ ಪಶ್ಚಿಮಕ್ಕೆ ಹೋಗ್ತಾ ದಾರಿಯುದ್ದಕ್ಕೂ ಒಂದು ಕಿರುಬೆರಳು ಕೆಳಗಡೆ ನಮ್ಮ ಉಪಗ್ರಹಗಳನ್ನ ಒಂದೊಂದಾಗಿ ದಾಟ್ಕೊಂಡು ಹೋಗುತ್ತೆ! ಇದನ್ನ ನಾನು ಮೊದಲ ಸಲ ಕಾಗದದ ಮೇಲೆ ಲೆಕ್ಕ ಹಾಕಿದಾಗ ಎರಡು ಸಲ ತಾಳೆ ನೋಡ್ದೆ, ಸರಿಯಾಗೇ ಇತ್ತು.

ಫೆಬ್ರವರಿ 1ನೇ ತಾರೀಖಿನ ಟೈಮ್ ಕೊಡ್ತೀನಿ, ನಡುವಿನ ನಕ್ಷತ್ರದ ಲೆಕ್ಕ, ಒಂದೆರಡು ನಿಮಿಷ ಆಚೆ ಈಚೆ ಆದ್ರೆ ಪರವಾಗಿಲ್ಲ. ಸಂಜೆ 7:55ಕ್ಕೆ ಪಟ್ಟಿ 93.5 ಡಿಗ್ರಿ ಪೂರ್ವ ರೇಖಾಂಶದ ಜಾಗದ ಮೇಲೆ ಬರುತ್ತೆ, ಅಲ್ಲಿ ಜಿಸ್ಯಾಟ್-15 ಇದೆ, ಡಿಡಿ ಫ್ರೀ ಡಿಶ್ ಬರೋದು ಅದರಿಂದಾನೇ. 8:43ಕ್ಕೆ 83 ಡಿಗ್ರಿ, ಅಲ್ಲಿ ಜಿಸ್ಯಾಟ್-30, ಟಾಟಾ ಪ್ಲೇಗೆ ಇರೋ ಜಿಸ್ಯಾಟ್-24 ಎಲ್ಲಾ ಗುಂಪಾಗಿವೆ. 9:25ಕ್ಕೆ 74 ಡಿಗ್ರಿ, 5,854 ಕೆಜಿ ತೂಕದ ಜಿಸ್ಯಾಟ್-11 ಮತ್ತೆ ನಿಮಗೆ ಮೋಡದ ಚಿತ್ರ ಕೊಟ್ಟ ಇನ್ಸ್ಯಾಟ್-3ಡಿಆರ್ ಅಲ್ಲಿ. ರಾತ್ರಿ 10:53ಕ್ಕೆ ಪಶ್ಚಿಮದ ಕಡೆ 55 ಡಿಗ್ರಿ, ಜಿಸ್ಯಾಟ್-16. ದಿನಕ್ಕೆ ನಾಲ್ಕು ನಿಮಿಷ ಬೇಗ ಆಗ್ತಾ ಹೋಗುತ್ತೆ, ಹತ್ತು ದಿನ ಬಿಟ್ಟು ನೋಡೋದಾದ್ರೆ ನಲವತ್ತು ನಿಮಿಷ ಕಳೀರಿ. ಚಿಕ್ಕಮಗಳೂರಿಗೂ ಇದೇ ಟೈಮ್ ನಡೆಯುತ್ತೆ.

ಇಲ್ಲಿ ಒಂದು ಸಂದೇಹ ಬರುತ್ತೆ, ಫ್ರೀ ಡಿಶ್ ಉಪಗ್ರಹ ಆಗ್ನೇಯಕ್ಕೆ 65 ಡಿಗ್ರಿ ಎತ್ತರದಲ್ಲಿ ಇದೆ ಅಂದ್ರೆ ಹತ್ತಿರತ್ರ ನೆತ್ತಿ ಮೇಲೆ, ಆದ್ರೆ ನಮ್ಮ ಮನೆ ಛತ್ರಿ ಅಷ್ಟು ಮೇಲಕ್ಕೆ ನೋಡ್ತಿಲ್ವಲ್ಲ ಅಂತ. ಮನೆ ಮೇಲಿನ ಡಿಶ್ಶುಗಳು ಆಫ್‌ಸೆಟ್ ಥರದವು, ಎಲ್ಎನ್‌ಬಿ (ಸಿಗ್ನಲ್ ಹಿಡಿಯೋ ಡಬ್ಬಿ) ನೆರಳು ಬೀಳ್ದಿರ್ಲಿ ಅಂತ ಕೆಳಗಡೆ ತೋಳಿನ ಮೇಲೆ ಇಟ್ಟಿರ್ತಾರೆ, ಅದರಿಂದ ಡಿಶ್ಶಿನ ಮುಖ ಕಾಣೋದಕ್ಕಿಂತ ಇಪ್ಪತ್ತೈದು ಡಿಗ್ರಿ ಆಸುಪಾಸು ಮೇಲಕ್ಕೆ ಅದರ ನೋಟ ಇರುತ್ತೆ. ಮಾವನ ಮನೆ ಸಿಲ್ವರ್ ಓಕ್ ಅಡ್ಡ ಬಂದಿದ್ದು ಇದಕ್ಕೇ, ಮರದ ಬುಡದ ಕಡೆ ನೋಡಿದ್ರೆ ಜಾಗ ಬೇಕಾದಷ್ಟಿತ್ತು, ಅಡ್ಡ ಇದ್ದಿದ್ದು ತುದಿ.

ಈಗ ಪೈಪು. ಒಂದೂವರೆ ಇಂಚಿನ ಪಿವಿಸಿ ಪೈಪು ಎರಡಡಿ ಉದ್ದ, ಒಂದು ಎಂಡ್ ಕ್ಯಾಪು, ಎರಡು ಕ್ಲಾಂಪು, ಸ್ವಲ್ಪ ಎಂ-ಸೀಲ್, ಅಷ್ಟೇ ಸಾಮಾನು. ಪೈಪಿನ ಒಳಗೆ ಕಪ್ಪು ಬಣ್ಣ ಸ್ಪ್ರೇ ಮಾಡಿ ಒಣಗಿಸಿ, ಇಲ್ದಿದ್ರೆ ಬೀದಿ ದೀಪದ ಬೆಳಕು ಒಳಗೆ ಹೊಳೀತಾ ಕಣ್ಣು ಕುಕ್ಕುತ್ತೆ. ಈ ಅಳತೆ ಪೈಪಲ್ಲಿ ಕಣ್ಣಿಟ್ಟು ನೋಡಿದ್ರೆ ಆಕಾಶದ ಮೂರೂವರೆ ಡಿಗ್ರಿ ಅಗಲದ ಒಂದು ಚೂರು ಕಾಣುತ್ತೆ, ಮಹಾವ್ಯಾಧನ ಪಟ್ಟಿ ಈ ತುದಿಯಿಂದ ಆ ತುದಿಗೆ ಮೂರು ಡಿಗ್ರಿಗೆ ಸ್ವಲ್ಪ ಕಮ್ಮಿ, ಅಂದ್ರೆ ಮೂರು ನಕ್ಷತ್ರವೂ ಪೈಪಿನ ಬಾಯೊಳಗೆ ಹಿಡಿಸುತ್ತೆ. ಅದಕ್ಕೇ ಈ ಅಳತೆ ಹೇಳಿದ್ದು, ಬೇರೆ ಸೈಜು ಬೇಡ.

ಎಲ್ಲಿ ಕಟ್ಟೋದು ಅನ್ನೋದು ಮುಖ್ಯ. ನಾನು ಮೊದಲು ಬಟ್ಟೆ ಒಣಗಿಸೋ ಕಂಬಕ್ಕೆ ಬೈಂಡಿಂಗ್ ವೈರಲ್ಲಿ ಕಟ್ಟಿದ್ದೆ, ಒಂದು ವಾರಕ್ಕೆ ಒದ್ದೆ ಬೆಡ್‌ಶೀಟಿನ ಭಾರಕ್ಕೆ ಕಂಬಾನೇ ವಾಲಿ ಪೈಪು ಎಲ್ಲೋ ನೋಡ್ತಿತ್ತು, ಪೂರ್ತಿ ಮತ್ತೆ ಮಾಡ್ಬೇಕಾಯ್ತು. ನೀರಿನ ಟ್ಯಾಂಕಿನ ಕಬ್ಬಿಣದ ಸ್ಟ್ಯಾಂಡು ಗಟ್ಟಿ, ಅದರ ಕಾಲಿಗೆ ಕ್ಲಾಂಪ್ ಹಾಕಿ. ಫೋನಿನ ದಿಕ್ಸೂಚಿ ನಂಬ್ಬೇಡಿ, ಟ್ಯಾಂಕ್ ಸ್ಟ್ಯಾಂಡಿನ ಕಬ್ಬಿಣ, ಆರ್‌ಸಿಸಿ ಒಳಗಿನ ಸರಳು ಎಲ್ಲಾ ಸೇರಿ ಅದನ್ನ ದಾರಿ ತಪ್ಪಿಸುತ್ತೆ. ನಕ್ಷತ್ರ ಮೋಸ ಮಾಡಲ್ಲ.

83 ಡಿಗ್ರಿ ಗುಂಪನ್ನ ಹಿಡಿಯೋಣ ಅಂತಿಟ್ಕೊಳ್ಳಿ. ಅದು ದಕ್ಷಿಣಕ್ಕೆ ಸ್ವಲ್ಪ ಪೂರ್ವಕ್ಕೆ ವಾಲ್ಕೊಂಡು, 73 ಡಿಗ್ರಿ ಎತ್ತರ. ಹಗಲಲ್ಲೇ ಅಂದಾಜಿಗೆ ಕ್ಲಾಂಪ್ ಸಡಿಲವಾಗಿ ಹಾಕಿಟ್ಟಿರಿ, ಪೈಪಿನ ಕೆಳ ತುದಿ ನೆಲದಿಂದ ಒಂದಡಿ ಮೇಲಿರ್ಲಿ. ಎಂಟೂವರೆಗೆ ಚಾಪೆ ಹಾಸಿ ಮಲಗಿ, ತಲೆ ಕೆಳಗೆ ದಿಂಬು, ಒಂದು ಕಣ್ಣು ಪೈಪಿನ ಕೆಳಬಾಯಿಗೆ. ಜೊತೆಗೆ ಒಬ್ಬರು ಬೇಕು, ಅವರು ಪೈಪ್ ಅಲ್ಲಾಡಿಸ್ಬೇಕು ನೀವು ಹೇಳ್ಬೇಕು. ನಮ್ಮನೇಲಿ ಮಗಳು ಮೊಬೈಲ್ ಗಡಿಯಾರ ನೋಡ್ತಾ "ನಲವತ್ತೊಂದಾಯ್ತು ಅಪ್ಪ, ನಲವತ್ತೆರಡಾಯ್ತು" ಅಂತ ಹೇಳ್ತಿದ್ಲು, ನಮ್ಮಮ್ಮ ಪೈಪ್ ಹಿಡ್ಕೊಂಡಿದ್ರು. 8:43ಕ್ಕೆ ನಡುವಿನ ನಕ್ಷತ್ರ ಪೈಪಿನ ವೃತ್ತದಲ್ಲಿ ನಡುಬಿಂದುಗಿಂತ ಉತ್ತರಕ್ಕೆ, ಅಂದ್ರೆ ನೆತ್ತಿ ಕಡೆಗೆ, ವೃತ್ತದ ಅಗಲದ ಕಾಲುಭಾಗಕ್ಕಿಂತ ಚೂರು ಜಾಸ್ತಿ ಜರುಗಿ ಕೂರ್ಬೇಕು. ಕೂತ ಗಳಿಗೆಗೆ ಸ್ಕ್ರೂ ಬಿಗೀರಿ, ಎಂ-ಸೀಲ್ ಮೆತ್ತಿ. ಆಮೇಲೆ ನೋಡ್ತಾ ಇರಿ, ಪೈಪಿನೊಳಗೆ ಕಾಣೋ ನಕ್ಷತ್ರಗಳು ನಿಧಾನಕ್ಕೆ ಅಂಚಿನ ಕಡೆ ಜರುಗಿ ಮರೆಯಾಗ್ತಾವೆ. ಪೈಪಿನ ನಡುವೆ ಬರೀ ಕತ್ತಲೆ ಉಳಿಯುತ್ತೆ. ಉಪಗ್ರಹಗಳು ಇರೋದು ಆ ಕತ್ತಲೆಲೇ, ಬರಿಗಣ್ಣಿಗೆ ಕಾಣೋದಕ್ಕಿಂತ ನೂರಾರು ಪಟ್ಟು ಮಸುಕು, ಆದ್ರೆ ಅಲ್ಲೇ ಇವೆ.

ಪೈಪಿನ ಮೇಲ್ಬಾಯಿಗೆ ಎಂಡ್ ಕ್ಯಾಪ್ ಹಾಕಿಡಿ, ಮರೀಬೇಡಿ. ಕಣಜ ಗೂಡು ಕಟ್ಟೋದು ಒಂದು, ಅದಕ್ಕಿಂತ ಮುಖ್ಯ ಹಗಲಲ್ಲಿ ಮಕ್ಕಳು ಅದರಲ್ಲಿ ಕಣ್ಣಿಡ್ಬಾರ್ದು. ಯಾಕೆ ಅಂತ ಕೊನೇಲಿ ಗೊತ್ತಾಗುತ್ತೆ.

ಕಣ್ಣಿಗೆ ಕಾಣ್ದಿದ್ದನ್ನ ಕ್ಯಾಮೆರಾ ಹಿಡಿಯುತ್ತೆ, ಮೊಬೈಲಲ್ಲಿ ಆಗಲ್ಲ, ಹಳೇ ಡಿಎಸ್ಎಲ್ಆರ್ ಸಾಕು, ಲೆನ್ಸು 85ರಿಂದ 200 ಎಂಎಂ ಒಳಗಿದ್ರೆ ಒಳ್ಳೇದು. ಟ್ರೈಪಾಡ್ ಮೇಲೆ ಪೈಪ್ ನೋಡೋ ಕಡೆಗೇ ತಿರುಗಿಸಿ, ಲುಬ್ಧಕ ನಕ್ಷತ್ರದ ಮೇಲೆ ಝೂಮ್ ಮಾಡಿ ಕೈಯಲ್ಲೇ ಫೋಕಸ್ ಮಾಡ್ಕೊಳ್ಳಿ, ಐಎಸ್ಒ 1600, ಮೂವತ್ತು ಸೆಕೆಂಡಿನ ಇಪ್ಪತ್ತು ಫೋಟೊ, ನಡುವೆ ಟ್ರೈಪಾಡ್ ಮುಟ್ಲೇಬಾರ್ದು. ನಕ್ಷತ್ರಗಳು ಗೆರೆ ಆಗ್ತಾವೆ, ಉಪಗ್ರಹಗಳು ಚುಕ್ಕಿಯಾಗೇ ನಿಲ್ತಾವೆ. ಸಿರಿಲ್ ಅಂತ ಉಚಿತ ಸಾಫ್ಟ್‌ವೇರ್ ಇದೆ, ಫೋಟೊಗಳನ್ನ ಅಲೈನ್ ಮಾಡದೆ ಹಂಗೇ ಮೀಡಿಯನ್ ಸ್ಟ್ಯಾಕ್ ಕೊಟ್ರೆ ಓಡೋ ನಕ್ಷತ್ರ ಅಳಿಸಿಹೋಗಿ ನಿಂತ ಚುಕ್ಕಿ ಮಾತ್ರ ಉಳಿಯುತ್ತೆ. ನನ್ನ ಮೊದಲ ಚಿತ್ರದಲ್ಲಿ ಹದಿನೇಳು ಚುಕ್ಕಿ ಬಂದಿತ್ತು, ಹದಿನೇಳು ಉಪಗ್ರಹ ಸಿಕ್ತು ಅಂತ ಮನೆಯವರನ್ನೆಲ್ಲ ಕರೆದು ತೋರಿಸಿದ್ದೆ, ಮಾರನೇ ದಿನ ಲೆನ್ಸ್ ಮುಚ್ಚಿ ತೆಗೆದ ಫೋಟೊದಲ್ಲೂ ಅದರಲ್ಲಿ ಹದಿಮೂರು ಹಂಗೇ ಇತ್ತು, ಅವು ಸೆನ್ಸರಿನ ಹಾಟ್ ಪಿಕ್ಸೆಲ್ಲು, ಬೆಳಕೇ ಬೀಳ್ದಿದ್ರೂ ಹೊಳೆಯೋ ಚುಕ್ಕಿಗಳು. ಉಳಿದ ನಾಲ್ಕು ನಿಜ. ನೀವು ಮೊದಲೇ ಮುಚ್ಚಳ ಹಾಕಿ ಹತ್ತು ಫೋಟೊ ತೆಗೆದಿಟ್ಕೊಳ್ಳಿ, ಇಲ್ಲಾ ಕ್ಯಾಮೆರಾ ಚೂರು ಜರುಗಿಸಿ ಎರಡನೇ ಸೆಟ್ ತೆಗೀರಿ, ಚುಕ್ಕಿ ಚಿತ್ರದಲ್ಲಿ ಜಾಗ ಬದಲಾಯಿಸಿದ್ರೆ ಉಪಗ್ರಹ, ಅದೇ ಪಿಕ್ಸೆಲ್ಲಲ್ಲಿ ಕೂತಿದ್ರೆ ಅಲ್ಲ. ಗಿರಿ ಕಡೆ ಮನೆ ಇರೋರು ಲೆನ್ಸಿಗೆ ಇಬ್ಬನಿ ಕೂರ್ದಂಗೆ ನೋಡ್ಕೊಳ್ಳಿ, ಒಂಬತ್ತು ಗಂಟೆ ಮೇಲೆ ಕರ್ಚೀಫಲ್ಲಿ ಒರೆಸಿದ್ರೂ ಮತ್ತೆ ಕೂರುತ್ತೆ, ಲೆನ್ಸ್ ಸುತ್ತ ಬೆಚ್ಚಗಿನ ಬಟ್ಟೆ ಸುತ್ತಿ.

ಬೈನಾಕ್ಯುಲರ್ ಇರೋರಿಗೆ ಒಂದು ಅವಕಾಶ ಇದೆ, ಮಾರ್ಚ್ ಮಧ್ಯದ ನಾಲ್ಕೈದು ರಾತ್ರಿ. ಆ ದಿನಗಳಲ್ಲಿ ಈ ಉಪಗ್ರಹಗಳು ನಡುರಾತ್ರಿ ಭೂಮಿಯ ನೆರಳಿಗೆ ಹೋಗ್ತಾವೆ, ಒಂದು ಗಂಟೆ ಮೇಲೆ ಬ್ಯಾಟರಿಲೇ ನಡೀಬೇಕು, ಎಂಸಿಎಫ್‌ನವರಿಗೆ ಅದು ದೊಡ್ಡ ಕೆಲಸ. ನೆರಳಿಗೆ ಹೋಗೋ ಮುಂಚೆ ಸೋಲಾರ್ ಫಲಕದ ಮೇಲಿನ ಬಿಸಿಲು ನೇರ ನಮ್ಮ ಕಡೆಗೆ ತಿರುಗಿ ಹೊಳಪು ತುಂಬಾ ಏರ್ಬೋದು. ಆಗ ಮಹಾವ್ಯಾಧ ಪಶ್ಚಿಮಕ್ಕೆ ಇಳಿದಿರ್ತಾನೆ, ಗುರುತಿಗೆ ನಿಮ್ಮ ಪೈಪೇ ಗತಿ. ರಾತ್ರಿ ಹನ್ನೊಂದೂಕಾಲಿಂದ ಪೈಪಿನ ನೇರಕ್ಕೆ ಬೈನಾಕ್ಯುಲರ್ ಹಿಡೀರಿ. ನಂಗೆ ಮೂರು ರಾತ್ರಿಲಿ ಒಂದೇ ಸಲ ಕಂಡಿದ್ದು, ಸುತ್ತಲಿನ ಚುಕ್ಕಿಗಳೆಲ್ಲ ಪಶ್ಚಿಮಕ್ಕೆ ಜರುಗ್ತಾ ಇದ್ರೂ ಒಂದು ಮಾತ್ರ ಟ್ಯಾಂಕಿನ ಅಂಚಿಗೆ ಸರಿಯಾಗಿ ನಿಂತಿತ್ತು, ಎರಡು ನಿಮಿಷ ಇದ್ದು ಆರಿಹೋಯ್ತು.

ಕೊನೇ ಪರೀಕ್ಷೆ ಹಗಲಲ್ಲಿ, ಮಾರ್ಚ್ 14ರ ಆಸುಪಾಸು. ಆ ಹೊತ್ತಿಗೆ ಸೂರ್ಯಾನೂ ಆಕಾಶದಲ್ಲಿ 2.3 ಡಿಗ್ರಿ ದಕ್ಷಿಣಕ್ಕಿರ್ತಾನೆ, ಅಂದ್ರೆ ನಮ್ಮೂರಿಂದ ನೋಡಿದ್ರೆ ಉಪಗ್ರಹಗಳ ಸಾಲಿನ ಮೇಲೇ ನಡ್ಕೊಂಡು ಹೋಗ್ತಾನೆ. ಬೆಳಿಗ್ಗೆ 11:15ರ ಹತ್ರ ಫ್ರೀ ಡಿಶ್ ಉಪಗ್ರಹದ ಹಿಂದೆ, 12 ಗಂಟೆಗೆ 83 ಡಿಗ್ರಿ ಗುಂಪಿನ ಹಿಂದೆ. ಹಂಗೆ ಹಿಂದೆ ಬಂದ ಕೆಲವು ನಿಮಿಷ ಸೂರ್ಯನ ರೇಡಿಯೋ ಅಲೆಗಳು ಡಿಶ್ಶಿಗೆ ನುಗ್ಗಿ ಉಪಗ್ರಹದ ಸಿಗ್ನಲ್ ಕೆಡಿಸ್ತಾವೆ. ಪೈಪಿನ ಕ್ಯಾಪ್ ತೆಗೆದು ಕೆಳಗೆ ನೆಲದ ಮೇಲೆ ಬಿಳಿ ಹಾಳೆ ಇಡಿ, ಕಣ್ಣು ಮಾತ್ರ ಪೈಪಿನ ಹತ್ರಾನೂ ತರ್ಬೇಡಿ, ದೃಷ್ಟಿ ಹೋಗುತ್ತೆ, ಹಾಳೆ ಮಾತ್ರ ನೋಡಿ. ಹನ್ನೆರಡಕ್ಕೆ ಕೆಲವು ನಿಮಿಷ ಮುಂಚೆ ಹಾಳೆ ಮೇಲೆ ಪೈಪಿನ ನೆರಳೊಳಗೆ ಬೆಳಕಿನ ಒಂದು ಸಣ್ಣ ಕುಡುಗೋಲು ಮೂಡುತ್ತೆ, ದಪ್ಪ ಆಗ್ತಾ ಆಗ್ತಾ ಪೂರ್ತಿ ದುಂಡಗಾಗುತ್ತೆ. ದುಂಡಗಾದ ಹೊತ್ತು 12 ಗಂಟೆ 2 ನಿಮಿಷದ ಆಸುಪಾಸಿದ್ರೆ ನಿಮ್ಮ ಪೈಪು ಸರಿಯಾದ ಜಾಗಕ್ಕೇ ನೋಡ್ತಿದೆ. ಹೋದ ಸಲ ನಮ್ಮನೇಲಿ ಹಾಳೆ ಮೇಲಿನ ವೃತ್ತಕ್ಕೆ ಮಗಳು ಪೆನ್ಸಿಲಲ್ಲಿ ಗೆರೆ ಎಳೀತಿದ್ಲು, ಕೆಳಗಿಂದ ಅಮ್ಮ ಕೂಗಿದ್ರು, "ಟಿವಿ ಚೂರುಚೂರಾಗ್ತಿದೆ ನೋಡ್ರೋ."